ಗುಡ್ಡೆ ತಟ್ಟು ಮಾಡಿಸಿದ ಮೇಲೆ ಎಷ್ಟು ಲೋಡ್ ಮಣ್ಣು ಹಾಕಿಸಬೇಕು?

ಕಾಸರಗೋಡಿನ ಪೆರ್ಲದ ಕಡೆ ಎರಡೆಕರೆ ಗುಡ್ಡೆ, ಅರ್ಧ ಜೆಸಿಬಿಯಲ್ಲಿ ಕಡಿದು ತಟ್ಟು (ಮೆಟ್ಟಿಲಿನ ಹಾಗೆ ಸಮತಟ್ಟು) ಮಾಡಿ ಆಗಿದೆ, ಇಟ್ಟ ಅಡಿಕೆ ಸಸಿ ಎರಡು ವರ್ಷವಾದರೂ ಹಳದಿಯಾಗಿ ಕೂತಲ್ಲೇ ಕೂತಿದೆ, ಲಾರಿಯಲ್ಲಿ ಮಣ್ಣು ತರಿಸುವುದಾದರೆ ಎಷ್ಟು ಲೋಡ್ ಬೇಕು, ಉಳಿದರ್ಧವನ್ನು ದೀಪಾವಳಿ ಕಳೆದು ಮಾಡಿಸಬೇಕೆಂದಿದ್ದೇನೆ ಅಂತ ಕೇಳಿದ್ದೀರಿ. ಓದುವಾಗ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಚುರುಕ್ ಅಂತು. ಇದನ್ನೇ ನಾನು 2012ರಲ್ಲಿ ಮಾಡಿದ್ದು. ಜಾಗ ಮಾತ್ರ ಬದಿಯಡ್ಕದ ಕಡೆ.

ನಮ್ಮದು ಸೊಪ್ಪಿನ ಗುಡ್ಡೆ. ಅಪ್ಪನ ಕಾಲದಲ್ಲಿ ನಮ್ಮ ತೋಟಕ್ಕೆ, ದನದ ಹಟ್ಟಿಗೆ ಬೇಕಾದ ಸೊಪ್ಪು, ತರಗೆಲೆ ಎಲ್ಲ ಅಲ್ಲಿಂದಲೇ ಬರುತ್ತಿತ್ತು. ನಾನು ಮಂಗಳೂರಿನ ಕೆಲಸ ಬಿಟ್ಟು ಆಗಷ್ಟೇ ಊರಿಗೆ ಬಂದಿದ್ದೆ. ನನ್ನ ಕಣ್ಣಿಗೆ ಅದು ಸುಮ್ನೆ ಬಿದ್ದ ಜಾಗ. ಚೂರಿಮುಳ್ಳು, ಕೇಪಳ, ನಾಲ್ಕು ಗೇರು ಮರ, ಎರಡು ಕಾಟುಮಾವು. ತಟ್ಟು ಮಾಡಿ ಅಡಿಕೆ ಇಡುತ್ತೇನೆ ಅಂದಾಗ ಅಪ್ಪ ಬೇಡ ಅನ್ನಲಿಲ್ಲ. "ನೋಡು, ನಿನಗೆ ಬಿಟ್ಟದ್ದು" ಅಂದರು. ನಮ್ಮ ಮನೆಯಲ್ಲಿ ಅದಕ್ಕೆ ಬೇಡ ಅಂತಲೇ ಅರ್ಥ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ.

ಮೆಷಿನ್ ಬಂದದ್ದು ಏಪ್ರಿಲ್‌ನಲ್ಲಿ. ಆಪರೇಟರ್ ಧರ್ಮಪುರಿ ಕಡೆಯ ಹುಡುಗ, ತಮಿಳಿಗೆ ಮಲಯಾಳ ಕಲಸಿ ಮಾತಾಡುತ್ತಿದ್ದ. ನಾಲ್ಕೈದು ಬಕೆಟ್ ಮಣ್ಣು ತೆಗೆದವನು ಇಂಜಿನ್ ಆಫ್ ಮಾಡಿ ಇಳಿದು ಬಂದ. ಒಂದು ಮುಷ್ಟಿ ಮಣ್ಣು ಹಿಡಿದು ಹಿಚುಕಿ ನೋಡಿದ. ಕಪ್ಪಗಿತ್ತು, ಬೇರಿನ ಎಳೆಗಳು ನೇತಾಡುತ್ತಿದ್ದವು. "ಸಾರ್, ಮೇಲಿನ ಮಣ್ಣು ಚೆನ್ನಾಗಿದೆ. ಮೊದಲು ಇದನ್ನು ಕೆರೆದು ಬದಿಗೆ ರಾಶಿ ಹಾಕಲಾ? ತಟ್ಟು ಆದ ಮೇಲೆ ವಾಪಸ್ ಹರಡಿ ಕೊಡ್ತೇನೆ. ಒಂದು ದಿನ ಜಾಸ್ತಿ ಆಗ್ತದೆ" ಅಂದ. ಗಂಟೆಗೆ 850 ರೂಪಾಯಿ, ಎಂಟು ಗಂಟೆಗೆ 6,800. ಮನಸ್ಸಿನಲ್ಲೇ ಲೆಕ್ಕ ಹಾಕಿ "ಬೇಡ, ಸೀದಾ ಕಡಿ" ಅಂದೆ.

ಈ "ಬೇಡ" ಅಂದದ್ದರಿಂದ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೆ ನಿಮ್ಮ ಸಸಿ ಹಳದಿಯಾಗಿರುವುದೂ ಬಹುಶಃ ಇದರಿಂದಲೇ.

ಇಳಿಜಾರನ್ನು ತಟ್ಟು ಮಾಡುವುದೆಂದರೆ ಒಳಬದಿ ಕಡಿದು ಹೊರಬದಿಗೆ ತುಂಬಿಸುವುದು ಅಲ್ವಾ? ಬಕೆಟ್‌ಗೆ ಮೊದಲು ಸಿಗುವುದು ಮೇಲಿನ ಅರ್ಧ ಅಡಿ. ಅದು ಹೊರಗಿನ ತುಂಬುವ ಜಾಗದ ತಳಕ್ಕೆ ಹೋಗುತ್ತದೆ. ಅದರ ಮೇಲೆ ಕೆಂಪು ಮಣ್ಣು, ಅದರ ಮೇಲೆ ಹಳದಿ ಬಿಳಿ ಕಲಸಿದ ಜೇಡಿ. ದೋಸೆ ಕವುಚಿ ಹಾಕಿದ ಹಾಗೆ. ಕೆಲಸ ಮುಗಿದಾಗ ಬರೆಯ, ಅಂದರೆ ಕಡಿದ ಗೋಡೆಯ, ಬುಡದಲ್ಲಿ ನೆಟ್ಟ ಸಸಿ ನೇರ ಮುರದ (ಜಂಬಿಟ್ಟಿಗೆಯ ಪದರದ) ಮೇಲೆ ನಿಂತಿತ್ತು. ಹೊರ ಅಂಚಿನ ಸಸಿಗೆ ಒಳ್ಳೆಯ ಮಣ್ಣು ಇತ್ತು, ಆದರೆ ನಾಲ್ಕಡಿ ಕೆಳಗೆ. ಎಳೆ ಬೇರು ಅಷ್ಟು ಆಳಕ್ಕೆ ಎಲ್ಲಿ ಹೋಗುತ್ತದೆ? ಮಣ್ಣು ನನ್ನ ಜಾಗದಲ್ಲೇ ಇತ್ತು. ನಾನೇ ದುಡ್ಡು ಕೊಟ್ಟು ಹೂತು ಹಾಕಿಸಿದ್ದೆ.

ಅರ್ಧ ಅಡಿಗೆ ಇಷ್ಟು ರಾಮಾಯಣ ಯಾಕೆ ಅಂತ ನನಗೂ ಆಗ ಅನಿಸುತ್ತಿತ್ತು. ಬಯಲುಸೀಮೆಯ ಎರೆ ಮಣ್ಣಾದರೆ ಬೇರೆ ಮಾತು, ಅದು ಆಳದವರೆಗೂ ಸತ್ವ ಹಿಡಿದುಕೊಂಡಿರುತ್ತದೆ. ನಮ್ಮದು ಮುರ. ಲಕ್ಷಾಂತರ ವರ್ಷದ ಮಳೆ ಬಂಡೆಯನ್ನು ಕೊಳೆಸಿ ಅದರಲ್ಲಿದ್ದ ಸುಣ್ಣ, ಪೊಟ್ಯಾಷ್, ಸಿಲಿಕಾದ ಬಹುಪಾಲನ್ನು ತೊಳೆದುಕೊಂಡು ಹೋಗಿದೆ. ಉಳಿದಿರುವುದು ಹೆಚ್ಚಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆ ಕೆಂಪು ಬಣ್ಣ ತುಕ್ಕಿನದ್ದೇ. ನೀವು ಹಾಕುವ ರಂಜಕವನ್ನು ಈ ಕಬ್ಬಿಣ, ಅಲ್ಯೂಮಿನಿಯಂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಗಿಡಕ್ಕೆ ಬಿಡುವುದಿಲ್ಲ. ಪೊಟ್ಯಾಷ್ ಅನ್ನು ಹಿಡಿದುಕೊಳ್ಳುವುದೇ ಇಲ್ಲ, ಮಳೆಗೆ ಬಿಡುತ್ತವೆ. ಗಿಡಕ್ಕೆ ಬೇಕಾದ್ದನ್ನು ಇಟ್ಟುಕೊಂಡು ಬೇಕಾದಾಗ ಕೊಡುವ ಡಬ್ಬಿ ಅಂತ ಇರುವುದು ಆ ತೆಳು ಕಪ್ಪು ಪದರ ಒಂದೇ. ಬಿದ್ದ ಎಲೆ ಕೊಳೆತು, ಎರೆಹುಳು ತಿಂದು ಉಗುಳಿ, ಬೇರು ಸತ್ತು ಆದದ್ದು. ಒಂದು ಇಂಚು ಆಗಲು ವರ್ಷಗಟ್ಟಲೆ ಬೇಕು.

ಇನ್ನೊಂದು ಸಂಗತಿ. 1800ರ ಸುಮಾರಿಗೆ ಬುಕನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಈ ಕಡೆಯೆಲ್ಲ ತಿರುಗಾಡಿದ್ದ. ಮಲಪ್ಪುರಂನ ಅಂಗಾಡಿಪ್ಪುರದಲ್ಲಿ ಜನ ಮೆತ್ತಗಿರುವ ಕಲ್ಲನ್ನು ಕಡಿದು ತೆಗೆಯುವುದು, ಅದು ಗಾಳಿ ಬಿಸಿಲಿಗೆ ಗಟ್ಟಿಯಾಗುವುದು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ನಮ್ಮ ಮುರಕಲ್ಲಿನ ಮನೆಗಳೆಲ್ಲ ನಿಂತಿರುವುದು ಆ ಗುಣದ ಮೇಲೆಯೇ. ನಾನು ಮಾಡಿದ್ದೇನು? ನೆರಳಿನಲ್ಲಿ ಮೆತ್ತಗಿದ್ದ ಮುರದ ಮೇಲಿನ ಹೊದಿಕೆ ತೆಗೆದು ಏಪ್ರಿಲ್ ಬಿಸಿಲಿಗೆ ಹರಡಿದೆ. ಕಲ್ಲು ಕೋರೆಯ ಮುಖದಲ್ಲಿ ಅಡಿಕೆ ನೆಟ್ಟ ಹಾಗಾಯಿತು.

ಜೂನ್ ಬಂತು. ಕಾಸರಗೋಡಿನ ಮಳೆ ನಿಮಗೆ ಹೇಳಬೇಕಾಗಿಲ್ಲ, ವರ್ಷಕ್ಕೆ ಸುಮಾರು 3500 ಮಿಲಿಮೀಟರ್, ಅದರಲ್ಲಿ ಹೆಚ್ಚಿನದ್ದು ನಾಲ್ಕು ತಿಂಗಳಲ್ಲೇ. ಮೊದಲ ವಾರದ ಮಳೆ ಕಳೆದು ಮೇಲೆ ಹೋಗಿ ನೋಡಿದರೆ ತಟ್ಟಿನ ತುಂಬ ಸಣ್ಣ ಸಣ್ಣ ಕಂಬಗಳು. ಒಂದೊಂದು ಬೆಣಚು ಕಲ್ಲು ಬೆರಳೆತ್ತರದ ಮಣ್ಣಿನ ಪೀಠದ ಮೇಲೆ ದೇವರ ಹಾಗೆ ಕೂತಿತ್ತು. ಚಂದ ಕಂಡಿತು, ಫೋಟೋ ಕೂಡ ತೆಗೆದೆ. ಆಮೇಲೆ ಹೊಳೆಯಿತು. ಕಲ್ಲು ಕೊಡೆ ಹಿಡಿದಲ್ಲಿ ಮಾತ್ರ ಮಣ್ಣು ಉಳಿದಿದೆ, ಸುತ್ತಲಿನದ್ದೆಲ್ಲ ಪೀಠದಷ್ಟು ಇಳಿದು ಹೋಗಿದೆ. ಒಂದೇ ವಾರದಲ್ಲಿ. ನಿಮ್ಮ ತಟ್ಟಿನಲ್ಲೂ ನೋಡಿ, ಖಂಡಿತ ಇರುತ್ತವೆ.

ಹೋದದ್ದು ಎಲ್ಲಿಗೆ ಅಂತ ಎರಡು ದಿನದಲ್ಲಿ ಗೊತ್ತಾಯಿತು. ಗುಡ್ಡೆಯ ಕೆಳಗೆ ತೋಟವಿರುವ ನೆರೆಯ ಅಣ್ಣ ಅಂಗಳದವರೆಗೆ ಬಂದು, ಕೊಡೆ ಮಡಚದೆ ನಿಂತೇ ಹೇಳಿದರು: "ನಿಮ್ಮ ಗುಡ್ಡೆ ನಮ್ಮಲ್ಲಿಗೆ ಬಂದಿದೆ ಮಾರಾಯ್ರೆ. ಪುರುಸೊತ್ತಾದಾಗ ಬಂದು ಕರ್ಕೊಂಡು ಹೋಗಿ." ಅವರ ತೋಟದ ನೀರು ಹೋಗುವ ಕಣಿಗಳೆಲ್ಲ ತುಂಬಿ ಕೆಂಪು ಕೆಸರು ಅಡಿಕೆ ಬುಡಕ್ಕೆ ಹತ್ತಿತ್ತು. ಆರು ಆಳಿನ ನಾಲ್ಕು ದಿನದ ಸಂಬಳ ಕೊಟ್ಟು ಕಣಿ ಬಿಡಿಸಿಕೊಟ್ಟೆ. 6,800 ಉಳಿಸಿದ ಲೆಕ್ಕ ಅಲ್ಲಿಗೇ ಮುಗಿಯಿತು.

ಮುಗಿಯಲಿಲ್ಲ, ಇನ್ನೂ ಇತ್ತು. ನಮ್ಮ ಕುಡಿಯುವ ನೀರು ಅದೇ ಗುಡ್ಡೆಗೆ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗದ್ದು. ಮಾರ್ಚ್‌ನಲ್ಲೂ ಬೆರಳು ದಪ್ಪ ಬೀಳುತ್ತಿದ್ದ ನೀರು ಮರುವರ್ಷ ಫೆಬ್ರವರಿಗೇ ತೊಟ್ಟಿಕ್ಕತೊಡಗಿತು. ಬೋಳು ಮಣ್ಣಿಗೆ ಹನಿ ಬಡಿದು ಬಡಿದು ಮೇಲ್ಮೈ ಸಿಮೆಂಟ್ ಸಾರಿಸಿದ ಹಾಗಾಗುತ್ತದೆ. ನೀರು ಇಳಿಯುವುದಿಲ್ಲ, ಓಡುತ್ತದೆ. ಓಡಿದ ನೀರು ಸುರಂಗಕ್ಕೆ ಹೇಗೆ ಬರಬೇಕು? ಆ ವರ್ಷ ಅಮ್ಮ ನನ್ನ ಹತ್ತಿರ ಜಾಸ್ತಿ ಮಾತಾಡಲಿಲ್ಲ.

ಮೂರು ವರ್ಷ ಗೊಬ್ಬರದ ಹಿಂದೆ ಓಡಿದೆ. ಯಾರೋ ಮೆಗ್ನೀಷಿಯಂ ಅಂದರು, ಯಾರೋ ಸೂಕ್ಷ್ಮ ಪೋಷಕಾಂಶ ಅಂದರು, ಎಲ್ಲ ಹಾಕಿದೆ. ಕೊನೆಗೆ ಕೃಷಿ ಭವನದ ಮೂಲಕ ಮಣ್ಣು ಪರೀಕ್ಷೆ ಮಾಡಿಸಿದೆ. ಕಡಿದ ಜಾಗದ್ದು ಒಂದು ಪೊಟ್ಟಣ, ಕಡಿಯದೆ ಉಳಿದ ಮೂಲೆಯದ್ದು ಒಂದು. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಒಳ್ಳೆಯದು ಅಂತ ಲೆಕ್ಕ. ಕಡಿದಲ್ಲಿ 0.4, ಕಡಿಯದಲ್ಲಿ 2ರ ಹತ್ತಿರ. ನಡುವೆ ಇಪ್ಪತ್ತು ಹೆಜ್ಜೆಯ ದೂರ, ಅಷ್ಟೇ.

ಪರೀಕ್ಷೆಗೆ ಕೊಡುವ ಮೊದಲು ನೀವು ಮನೆಯಲ್ಲೇ ಒಂದು ಮಾಡಿ ನೋಡಬಹುದು. ಎರಡು ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ. ಒಂದಕ್ಕೆ ತಟ್ಟಿನ ಒಣ ಹೆಂಟೆ, ಇನ್ನೊಂದಕ್ಕೆ ಕಡಿಯದ ಗುಡ್ಡೆಯ ಒಣ ಹೆಂಟೆ ಮೆಲ್ಲಗೆ ಬಿಡಿ. ನನ್ನ ತಟ್ಟಿನದ್ದು ಬುಸ್ ಅಂತ ಗುಳ್ಳೆ ಬಿಟ್ಟು ಎರಡು ನಿಮಿಷದಲ್ಲಿ ಕರಗಿ ಚಹಾದ ಬಣ್ಣ ಆಯಿತು. ಇನ್ನೊಂದು ಊಟ ಮುಗಿಸಿ ಬಂದರೂ ಹಾಗೇ ಇತ್ತು, ನೀರೂ ತಿಳಿಯಾಗಿತ್ತು. ಬೇರು, ಶಿಲೀಂಧ್ರದ ನೂಲು, ಎರೆಹುಳುವಿನ ಅಂಟು ಎಲ್ಲ ಸೇರಿ ಕಟ್ಟಿದ ಮಣ್ಣು ಅದು. ಆ ಅಂಟನ್ನು ಯಾವ ಅಂಗಡಿಯಲ್ಲೂ ಚೀಲದಲ್ಲಿ ಮಾರುವುದಿಲ್ಲ.

ಈಗ ನಿಮ್ಮ ಲೋಡಿನ ಲೆಕ್ಕ. ಒಂದೆಕರೆ ಅಂದರೆ 43,560 ಚದರಡಿ. ಅರ್ಧ ಅಡಿ ಹರಡಬೇಕಾದರೆ 21,780 ಘನ ಅಡಿ ಮಣ್ಣು. ಟಿಪ್ಪರ್‌ಗೆ 200 ಘನ ಅಡಿ ಹಿಡಿದರೂ 109 ಲೋಡ್. ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪಾಸ್ ಬೇರೆ. ಅದೆಲ್ಲ ಇರಲಿ, ಬರುವ ಮಣ್ಣು ಯಾವುದು? ಯಾರೋ ಮನೆ ಕಟ್ಟಲು ಗುಡ್ಡೆ ಕಡಿದಾಗ ಸಿಕ್ಕಿದ್ದು, ಅಂದರೆ ಇನ್ನೊಬ್ಬನ ಗುಡ್ಡೆಯ ಹೊಟ್ಟೆ. ನಿಮ್ಮಲ್ಲಿ ಈಗ ಇರುವುದೂ ಅದೇ. 2014ರಲ್ಲಿ ನಾನು 12 ಲೋಡ್ ತರಿಸಿದೆ. ಅದೂ ಕೆಳಗಿನ ಅಣ್ಣನ ಕಣಿಗೇ ಹೋಯಿತು. ಹಾಗಾಗಿ ಎಷ್ಟು ಲೋಡ್ ಅಂದರೆ ನನ್ನ ಉತ್ತರ ಸೊನ್ನೆ.

ಮಣ್ಣು ತರಬೇಡಿ, ಕೊಳೆಯುವಂಥದ್ದು ತನ್ನಿ. ಅಡಿಕೆ ಸೋಗೆ, ಹಾಳೆ, ತೆಂಗಿನ ಗರಿ, ತೆಂಗಿನ ಸಿಪ್ಪೆ, ಹಟ್ಟಿ ಗೊಬ್ಬರ, ಸವರಿದ ಹುಲ್ಲು. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಗೊಬ್ಬರ ಅಂತ ಶಿಫಾರಸು ಇದೆ, ಬೋಳು ತಟ್ಟಿಗೆ ಅದರ ಎರಡು ಪಾಲು ಹಾಕಿದರೂ ಹೆಚ್ಚಲ್ಲ ಅಂತ ನನ್ನ ಅನುಭವ. ಮಣ್ಣು ಹುಳಿಯಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಬುಡಕ್ಕೆ ಅರ್ಧ ಕಿಲೋ ಸುಣ್ಣ. ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವುದನ್ನು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಚೆನ್ನಾಗಿ ಕಲಿಸಿದ್ದಾರೆ, ನಿಮಗೆ ಹತ್ತಿರವೇ ಅಲ್ವಾ, ಒಮ್ಮೆ ಹೋಗಿ ನೋಡಿ. ತಟ್ಟಿನ ಹೊರ ಅಂಚಿಗೆ ಲಾವಂಚ ಅಥವಾ ಅನಾನಸು ಒತ್ತಾಗಿ ನೆಡಿ. ನೀರಿನ ಕಣಿ ಬರೆಯ ಬುಡದಲ್ಲಿರಲಿ, ಅಂಚಿನ ಮೇಲಿಂದ ನೀರು ಹಾರಲು ಬಿಡಬೇಡಿ. ಇಷ್ಟು ಮಾಡಿದರೆ ಮೊದಲ ಎರಡು ವರ್ಷ ಏನೂ ಕಾಣುವುದಿಲ್ಲ. ಇದು ಮುಂಚೆಯೇ ಗೊತ್ತಿದ್ದರೆ ನಾನು ನಡುವೆ ಕೈಬಿಡುತ್ತಿರಲಿಲ್ಲ.

ಉಳಿದರ್ಧ ಗುಡ್ಡೆಯ ವಿಚಾರ. ಮಾಡಿಸಬೇಡಿ. "ನಿಮ್ಮ ಇಷ್ಟ" ಅಂತ ನಮ್ಮ ಅಪ್ಪನ ಹಾಗೆ ಹೇಳಿ ಬಿಡುವುದಿಲ್ಲ ನಾನು. ಮೊದಲರ್ಧಕ್ಕೆ ಬೇಕಾದ ಸೊಪ್ಪು, ತರಗೆಲೆ ನಿಮಗೆ ಸಿಗುವುದು ಅಲ್ಲಿಂದಲೇ. ಅದನ್ನೂ ಕಡಿದರೆ ಎರಡೆಕರೆಗೆ ಸೊಪ್ಪನ್ನು ಲೋಡಿನ ಲೆಕ್ಕದಲ್ಲಿ ಕೊಳ್ಳಬೇಕು. ಏನಾದರೂ ಇಡಲೇಬೇಕು ಅನಿಸಿದರೆ ಗೇರು ಇಡಿ, ಗಿಡಕ್ಕೊಂದು ಅರ್ಧಚಂದ್ರದ ಕಟ್ಟೆ ಕಟ್ಟಿ, ನಡುವಿನ ಜಾಗ ಹಾಗೇ ಇರಲಿ. ಸೊಪ್ಪು ತೆಗೆಯುವಾಗಲೂ ಪೂರ್ತಿ ಗುಡಿಸಿ ತೆಗೆಯಬೇಡಿ, ಅದಕ್ಕೂ ಹೊಟ್ಟೆಯಿದೆ.

ನನ್ನ ಮಾತು ಕೇಳದೆ ಮಾಡಿಸುತ್ತೀರಿ ಅಂತಲೂ ಗೊತ್ತು, ನಾನೂ ಕೇಳಿರಲಿಲ್ಲ. ಹಾಗಾದರೆ ಆ ಒಂದು ದಿನದ ಬಾಡಿಗೆ ಕೊಡಿ. ಮೇಲಿನ ಅರ್ಧ ಅಡಿ ಮೊದಲು ಕೆರೆಸಿ ಬದಿಗೆ ಹಾಕಿಸಿ, ಸೋಗೆ ಮುಚ್ಚಿ, ಕೊನೆಗೆ ವಾಪಸ್ ಹರಡಿಸಿ. ಡಿಸೆಂಬರ್ ಒಳಗೆ ಮೆಷಿನ್ ಇಳಿದು ಹೋಗಬೇಕು. ಏಪ್ರಿಲ್‌ನಲ್ಲಿ ವಿಷುವಿನ ಹೊತ್ತಿಗೆ ಒಂದೆರಡು ಮಳೆ ಬೀಳುತ್ತದಲ್ಲ, ಆಗ ಹೊದಿಕೆ ಬಳ್ಳಿಯ ಬೀಜ ಎಸೆದುಬಿಡಿ.

ಕೊನೆಗೆ ಕೇಳಿದ್ದೀರಿ, ತಟ್ಟಿನಲ್ಲಿ ಹುಲ್ಲು ತುಂಬಿದೆ, ನೋಡಿದವರು ಏನು ಹೇಳಿಯಾರು, ಕೆತ್ತಿಸಿ ಚೊಕ್ಕ ಮಾಡು ಅಂತ ಮಾವ ದಿನಾ ಹೇಳುತ್ತಾರೆ ಅಂತ. ಕೆತ್ತಿಸಬೇಡಿ. ಕತ್ತಿಯಲ್ಲಿ ಸವರಿಸಿ, ಅಲ್ಲೇ ಬಿಡಿ, ಹಾರೆ ಮುಟ್ಟಿಸಬೇಡಿ. ನನ್ನ ಎರಡನೇ ತಟ್ಟಿನಲ್ಲಿ ಹನ್ನೆರಡು ಮಳೆಗಾಲ ಹೀಗೆ ಬಿಟ್ಟದ್ದಕ್ಕೆ ಈಗ ಕಪ್ಪು ಮಣ್ಣು ಬೆರಳಿನ ಒಂದು ಗೆಣ್ಣಿನಷ್ಟು ಕಾಣುತ್ತಿದೆ. ಸೋಗೆ ಎತ್ತಿದರೆ ಎರೆಹುಳುವಿನ ಹಿಕ್ಕೆ ಸಣ್ಣ ಗೋಪುರದ ಹಾಗೆ ನಿಂತಿರುತ್ತದೆ. ಮಾವನವರನ್ನು ಒಂದು ದಿನ ಕರೆದುಕೊಂಡು ಬನ್ನಿ, ತೋರಿಸುತ್ತೇನೆ.