ಕಾಯಿಲ್ ಹಾಕಿದ ಮೇಲೂ ಮತ್ತೆ ಆಂಜಿಯೋಗ್ರಾಮ್ ಯಾಕೆ?

ಅಮ್ಮನ ಮೆದುಳಿನ ಅನ್ಯೂರಿಸಂಗೆ (ರಕ್ತನಾಳದ ಗೋಡೆ ಬಲೂನಿನಂತೆ ಉಬ್ಬಿದ ಜಾಗ) ಕಾಯಿಲ್ ಹಾಕಿ ಆಯ್ತು, ಆರು ತಿಂಗಳಿಗೆ ಮತ್ತೆ ಆಂಜಿಯೋಗ್ರಾಮ್ (ಕೊಳವೆ ತೂರಿಸಿ ರಕ್ತನಾಳದ ಚಿತ್ರ ತೆಗೆಯುವುದು) ಯಾಕೆ ಅಂತ ಕೇಳಿದ್ದೀರಿ. ಸುಮ್ನೆ ಬರೆದುಕೊಟ್ಟಿದ್ದಲ್ಲ, ಖಂಡಿತ ಮಾಡಿಸಿ.

ಕಾಯಿಲ್ ಅಂದರೆ ಕೂದಲೆಳೆಯಂಥ ಪ್ಲಾಟಿನಂ ತಂತಿಯ ಸುರುಳಿ. ತೊಡೆಸಂದಿಯ ಇಲ್ಲವೇ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಉಬ್ಬಿದ ಜಾಗದೊಳಗೆ ಒಂದೊಂದಾಗಿ ಸುತ್ತಿ ಬಿಡುತ್ತಾರೆ. ಎಷ್ಟೇ ಒತ್ತಾಗಿ ತುಂಬಿದರೂ ತಂತಿ ಹಿಡಿಯುವುದು ಸುಮಾರು ಕಾಲು ಭಾಗ ಜಾಗ ಮಾತ್ರ. ಉಳಿದದ್ದನ್ನು ಮುಚ್ಚುವುದು ಹೆಪ್ಪುಗಟ್ಟಿದ ರಕ್ತ. ರಕ್ತದ ಹೊಡೆತಕ್ಕೆ ಕೆಲವರಲ್ಲಿ ಸುರುಳಿ ಅದುಮಿಕೊಂಡು ಬುಡದಲ್ಲಿ ಮತ್ತೆ ಸಂದಿ ಬೀಳುತ್ತದೆ. ಉಬ್ಬು ದೊಡ್ಡದಿದ್ದರೆ, ಅದರ ಬಾಯಿ ಅಗಲವಾಗಿದ್ದರೆ ಇದು ಜಾಸ್ತಿ. ತಲೆನೋವು ಬರಲೇಬೇಕು ಅಂತೇನಿಲ್ಲ, ಚಿತ್ರ ತೆಗೆದರೇ ಗೊತ್ತಾಗುವುದು.

ಕಾಯಿಲ್ ಮತ್ತು ಕ್ಲಿಪ್ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ 2002ರ ಐಸಾಟ್ ಅಧ್ಯಯನದಲ್ಲಿ, ಒಡೆದ ಅನ್ಯೂರಿಸಂಗೆ ಕಾಯಿಲ್ ಹಾಕಿಸಿಕೊಂಡವರು ಒಂದು ವರ್ಷದ ನಂತರ ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿಸಿಕೊಂಡವರಿಗಿಂತ ಚೆನ್ನಾಗಿದ್ದರು. ಆದರೆ ಮುಂದೆ ಮತ್ತೆ ಚಿಕಿತ್ಸೆ ಬೇಕಾದದ್ದು ಕಾಯಿಲ್‌ನವರಿಗೇ ಹೆಚ್ಚು. ಅದಕ್ಕೇ ಈ ತಪಾಸಣೆ.

ಮತ್ತೆ ಕೊಳವೆ ಹಾಕಿಸಲು ಅಮ್ಮನಿಗೆ ಭಯ ಅಲ್ವಾ? ಎಂಆರ್‌ಐಯಲ್ಲೇ ನೋಡಬಹುದಾ ಅಂತ ಡಾಕ್ಟರನ್ನು ಕೇಳಿ. ಪ್ಲಾಟಿನಂ ಎಂಆರ್‌ಐ ಯಂತ್ರದ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೂ ಒಳಗೆ ಏನು ಹಾಕಿದ್ದಾರೆ ಅಂತ ಬರೆದು ಆಸ್ಪತ್ರೆ ಕೊಟ್ಟ ಇಂಪ್ಲಾಂಟ್ ಕಾರ್ಡ್ ಮೊದಲು ತೋರಿಸಿ. ನಡುವೆ ಏಕಾಏಕಿ ಭಾರೀ ತಲೆನೋವು ಬಂದರೆ ತಪಾಸಣೆಯ ತಾರೀಖಿಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.