ಒಂದೇ ನಂಬರಿನ ಎರಡು ಪ್ರೊಪೆಲ್ಲರ್, ಎರಡು ಬಗೆಯ ಓಟ

ಮಾದರಿ ರೇಸ್ ದೋಣಿಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಿಂದೆಯೂ ಹಲವು ಬಾರಿ ಬಂದವೇ ಆಗಿವೆ. ಒಂದಕ್ಕೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ. ಅದನ್ನು ಅರಿಯದೆ ಅರ ಹಿಡಿದವರು ಕೆಡಿಸಿದ ಪ್ರೊಪೆಲ್ಲರುಗಳು ಮುನಿರಾಬಾದಿನ ನನ್ನ ಮೇಜಿಗೆ ಮೇಲಿಂದ ಮೇಲೆ ಬರುತ್ತಿವೆ.

ಎಕ್ಸ್ 442 ನಂಬರಿನ ಎರಡು ಪ್ರೊಪೆಲ್ಲರುಗಳಿವೆ. ಒಂದನ್ನು ಹಾಕಿದರೆ ದೋಣಿ ಚೆನ್ನಾಗಿ ಓಡುತ್ತದೆ. ಇನ್ನೊಂದನ್ನು ಹಾಕಿದರೆ ಶಾಫ್ಟ್ ನಡುಗಿ ಮೋಟರ್ ಕಾಯುತ್ತದೆ. ಎರಡೂ ಒಂದೇ ಅಳತೆಯವಲ್ಲವೇ? (ಗಂಗಾವತಿಯ ಓದುಗರು)

ಅಲ್ಲ. ನಂಬರಿನ ಕೊನೆಯ ಎರಡು ಅಂಕಿಗಳು ವ್ಯಾಸ 42 ಮಿ.ಮೀ. ಎಂದೂ, ಮೊದಲಿನ 4 ಎಂಬ ಅಂಕಿ ಪಿಚ್ (ಪ್ರೊಪೆಲ್ಲರ್ ಸ್ಕ್ರೂವಿನಂತೆ ಜಾರದೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ವ್ಯಾಸದ 1.4 ಪಟ್ಟು, ಅಂದರೆ 58.8 ಮಿ.ಮೀ. ಎಂದೂ ಹೇಳುತ್ತವೆ. ಆದರೆ ಇವು ಎರಕ ಹೊಯ್ದು, ಹರಿತ ಮಾಡದೆ, ತೂಕ ಸರಿದೂಗಿಸದೆ ಮಾರುವ ವಸ್ತುಗಳು. ನಂಬರು ಅಚ್ಚಿನ ಅಳತೆಯೇ ಹೊರತು ನಿಮ್ಮ ಕೈಯಲ್ಲಿರುವ ರೆಕ್ಕೆಯ ಅಳತೆಯಲ್ಲ. ರೆಕ್ಕೆಯನ್ನು ನೀವೇ ಅಳೆಯಬೇಕು, ಅದೂ ಎರಡು ರೆಕ್ಕೆಗಳನ್ನು ಬೇರೆಬೇರೆಯಾಗಿ.

ಪಿಚ್ಚನ್ನು ಅಳೆಯಬೇಕಾದ ಜಾಗ ತ್ರಿಜ್ಯದ ಹತ್ತರಲ್ಲಿ ಏಳು ಭಾಗದಷ್ಟು ದೂರದಲ್ಲಿದೆ, 42 ಮಿ.ಮೀ. ಪ್ರೊಪೆಲ್ಲರಿಗೆ ಅದು ಕೇಂದ್ರದಿಂದ 14.7 ಮಿ.ಮೀ. ಆಗುತ್ತದೆ. ಪ್ರೊಪೆಲ್ಲರನ್ನು ಸಡಿಲವಿಲ್ಲದ ಕಡ್ಡಿಗೆ ಏರಿಸಿ ಲೇತಿನ ಚಕ್ಕಿಗೆ (ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ) ಹಿಡಿಸಿ, ಚಕ್ಕಿಗೆ ಡಿಗ್ರಿ ಗುರುತಿನ ತಟ್ಟೆಯನ್ನು ಕಟ್ಟಿ, ಶಾಫ್ಟಿಗೆ ಸಮಾಂತರವಾಗಿ ನಿಲ್ಲಿಸಿದ ಡಯಲ್ ಗೇಜಿನ ಮೊನೆಯನ್ನು ಆ ದೂರದಲ್ಲಿ, ನೀರನ್ನು ಹಿಂದಕ್ಕೆ ತಳ್ಳುವ ಮುಖದ ಮೇಲೆ ಇಡಿ. ಹತ್ತು ಡಿಗ್ರಿ ತಿರುಗಿಸಿದಾಗಲೆಲ್ಲ ಗೇಜು ತೋರಿಸುವ ವ್ಯತ್ಯಾಸವನ್ನು ಬರೆದುಕೊಂಡು 36ರಿಂದ ಗುಣಿಸಿದರೆ ಆ ತುಂಡಿನ ಪಿಚ್ ಸಿಗುತ್ತದೆ. ಪಿಚ್ 58.8 ಇದ್ದರೆ ಪ್ರತಿ ಹತ್ತು ಡಿಗ್ರಿಗೆ ಸುಮಾರು 1.63 ಮಿ.ಮೀ. ಬರಬೇಕು. ಹಿನ್ನಂಚಿನ ಬಳಿ ಅದು 1.9ಕ್ಕೆ ಏರಿದರೆ ಅಲ್ಲಿನ ಪಿಚ್ 68ನ್ನು ದಾಟಿದೆ ಎಂದರ್ಥ. ಅಂಚನ್ನು ಒಳಕ್ಕೆ ಬಾಗಿಸಿದ ಆ ಬಾಗನ್ನೇ ಕಪ್ ಎನ್ನುವುದು. ಲೇತ್ ಇಲ್ಲದವರು ದಪ್ಪ ಗಾಜಿನ ಮೇಲೆ ಕಡ್ಡಿಯನ್ನು ನೇರವಾಗಿ ನಿಲ್ಲಿಸಿ, ಅಡಿಯಲ್ಲಿ ಕೋನಮಾಪಕವನ್ನು ಅಂಟಿಸಿ, ವರ್ನಿಯರಿನ ಆಳ ಅಳೆಯುವ ಕಡ್ಡಿಯಿಂದಲೂ ಇದೇ ಕೆಲಸ ಮಾಡಬಹುದು. ನಿಖರತೆ ಕೊಂಚ ಕಡಿಮೆಯಾದರೂ ಕಣ್ಣಂದಾಜಿಗಿಂತ ಎಷ್ಟೋ ಮೇಲು.

ಒಂದು ರೆಕ್ಕೆಗೂ ಇನ್ನೊಂದಕ್ಕೂ ಮೂವತ್ತು ಡಿಗ್ರಿಯಲ್ಲಿ ಕೇವಲ 0.2 ಮಿ.ಮೀ. ವ್ಯತ್ಯಾಸವಿದ್ದರೂ ಪಿಚ್ 2.4 ಮಿ.ಮೀ.ನಷ್ಟು ಬೇರೆಯಾಗಿರುತ್ತದೆ. ನಮ್ಮ ರೇಸ್ ದೋಣಿಗಳ ಪ್ರೊಪೆಲ್ಲರ್ ಅರ್ಧ ಮಾತ್ರ ನೀರಿನಲ್ಲಿರುವುದರಿಂದ ರೆಕ್ಕೆಗಳು ಸರದಿಯ ಮೇಲೆ ನೀರಿಗಿಳಿಯುತ್ತವೆ. ಒಂದು ಹೆಚ್ಚು, ಇನ್ನೊಂದು ಕಡಿಮೆ ತಳ್ಳಿದರೆ ಪ್ರತಿ ಸುತ್ತಿಗೂ ಶಾಫ್ಟಿಗೆ ಒದೆ ಬೀಳುತ್ತದೆ. ಹೆಚ್ಚಿನ ಕಪ್ ಇರುವ ಹಿನ್ನಂಚನ್ನು ಸ್ವಲ್ಪ ಸ್ವಲ್ಪವೇ ಅರದಿಂದ ಇಳಿಸಿ, ಪ್ರತಿ ಸಲವೂ ಮತ್ತೆ ಅಳೆದು, ಎರಡನ್ನೂ ಸಮಕ್ಕೆ ತನ್ನಿ. ಇಕ್ಕಳದಿಂದ ರೆಕ್ಕೆ ತಿರುಚಿ ಪಿಚ್ ಏರಿಸಿಕೊಡುವುದಾಗಿ ಹೇಳುವವರಿಗೆ ಕೊಡಬೇಡಿ. ಅವರು ಅಳೆಯುವುದಿಲ್ಲ, ಹಾಗಾಗಿ ಎಷ್ಟು ಏರಿಸಿದರೆಂದು ಅವರಿಗೇ ಗೊತ್ತಿರುವುದಿಲ್ಲ. ಒಂದು ವರ್ಕ್‌ಶಾಪಿಗೆ ನಾನೂ ಒಮ್ಮೆ ಕೊಟ್ಟಿದ್ದೆ. ರೆಕ್ಕೆಯ ಬುಡದಲ್ಲಿ ಬಿರುಕು ಬಿಟ್ಟು ಮರಳಿ ಬಂತು.

ತೂಕ ಸರಿದೂಗಿಸುವುದು ಕಟ್ಟಕಡೆಯ ಕೆಲಸ. ಭಾರದ ರೆಕ್ಕೆಯನ್ನು ದೋಣಿಯ ಮೂತಿಯತ್ತ ತಿರುಗಿರುವ ಮುಖದಲ್ಲಿ ಮಾತ್ರ ತೆಳುಗೊಳಿಸಿ. ತಳ್ಳುವ ಮುಖವನ್ನು ಮುಟ್ಟಿದರೆ ಅಳೆದು ತಂದ ಪಿಚ್ ಹಾಳಾಗುತ್ತದೆ. ಇದನ್ನು ಹಗುರವಾಗಿ ಕಾಣಬೇಡಿ: ನಿಮಿಷಕ್ಕೆ 30,000 ಸುತ್ತು ತಿರುಗುವಾಗ, ಕೇಂದ್ರದಿಂದ 15 ಮಿ.ಮೀ. ದೂರದಲ್ಲಿ ಗ್ರಾಮಿನ ಹತ್ತನೇ ಒಂದು ಭಾಗ ಹೆಚ್ಚಿದ್ದರೆ ಶಾಫ್ಟನ್ನು ಸುಮಾರು ಒಂದೂವರೆ ಕಿಲೋ ಭಾರದಷ್ಟು ಬಲ ಎಳೆಯುತ್ತಿರುತ್ತದೆ.

ಇಷ್ಟೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಪ್ರೊಪೆಲ್ಲರುಗಳಲ್ಲಿ ಹಲವು ಬೆರಿಲಿಯಂ ಎಂಬ ಲೋಹ ಬೆರೆಸಿದ ತಾಮ್ರದವು. ಅದರ ದೂಳು ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ವಾಸಿಯಾಗದ ರೋಗ ತರಬಲ್ಲದು, ಅದೂ ಕೆಲವೊಮ್ಮೆ ಎಷ್ಟೋ ವರ್ಷಗಳ ನಂತರ. ಬೆರಿಲಿಯಂ ಕ್ಯಾನ್ಸರ್‌ಕಾರಕವೂ ಹೌದು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಕಾರ್ಖಾನೆಯ ಗಾಳಿಯಲ್ಲಿ ಎಂಟು ಗಂಟೆಯ ಸರಾಸರಿಯಾಗಿ ಒಂದು ಘನ ಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ಬೆರಿಲಿಯಂ ಇರಕೂಡದೆನ್ನುತ್ತದೆ. ಸಂಡೂರಿನ ಅದಿರಿನ ದೂಳು ಕೆಂಪಗೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಹಾಗಿದ್ದೂ ಬಾಯಿಗೆ ಟವೆಲ್ ಸುತ್ತಿಕೊಂಡು ಗ್ರೈಂಡರ್ ಹಚ್ಚಿದ್ದಾಗಿ ರಾಯಚೂರಿನ ಒಬ್ಬರು ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ ಆಗಲಿ ವಾಟರ್ ಪೇಪರ್ ಆಗಲಿ, ಕೆಲಸವೆಲ್ಲ ಬೋಗುಣಿಯ ನೀರಿನೊಳಗೇ ನಡೆಯಲಿ. ಸೂಕ್ಷ್ಮ ದೂಳು ತಡೆಯುವ ಮುಖಗವಸು ಇರಲಿ. ಬೋಗುಣಿಯ ಕೆಸರು ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ ಮುಚ್ಚಿಡಿ. ಮಕ್ಕಳಿರುವ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

42ರ ಬದಲು 45 ಮಿ.ಮೀ. ಹಾಕಿದರೆ ವೇಗ ಹೆಚ್ಚುವುದೇ? (ಸಿಂಧನೂರು)

ಸುತ್ತು ಅಷ್ಟೇ ಇದ್ದರೆ ಬೇಕಾಗುವ ಶಕ್ತಿ ವ್ಯಾಸದ ಐದನೇ ಘಾತದಂತೆ ಏರುವುದರಿಂದ ಮೋಟರಿನ ಹೊರೆ ಅಂದಾಜು ನೂರಕ್ಕೆ 41ರಷ್ಟು ಹೆಚ್ಚುತ್ತದೆ. ಅದನ್ನು ತಾಳುವ ಮೋಟರ್ ಮತ್ತು ಬ್ಯಾಟರಿ ಇಲ್ಲದಿದ್ದರೆ ವೇಗದ ಮಾತು ಬೇಡ.

ಕನ್ನಡಿಯಂತೆ ಪಾಲಿಶ್ ಮಾಡಿದರೆ ಗಂಟೆಗೆ ಹತ್ತು ಕಿಲೋಮೀಟರ್ ಹೆಚ್ಚುತ್ತದಂತೆ, ನಿಜವೇ? (ಸಿರುಗುಪ್ಪ)

ಸುಳ್ಳು.

ಹರಿತ ಮಾಡಿದ ಪ್ರೊಪೆಲ್ಲರನ್ನು ಕಂಪ್ಲಿ ಸೇತುವೆಯ ಬಳಿ ಹೊಳೆಯಲ್ಲಿ ಪರೀಕ್ಷಿಸಬಹುದೇ? (ಕಂಪ್ಲಿ)

ಬೇಡ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶವಾಗಿದೆ, ಅಲ್ಲಿ ಮೀನುಗಾರರ ಬಲೆ ಮತ್ತು ಹರಿಗೋಲುಗಳೂ ಇರುತ್ತವೆ. ಸೆಕೆಂಡಿಗೆ ಐನೂರು ಸುತ್ತು ತಿರುಗುವ ಹರಿತವಾದ ರೆಕ್ಕೆಯನ್ನು ಜನವಾಗಲಿ ದನವಾಗಲಿ ಇಳಿಯದ ಕೆರೆಯಲ್ಲಿ, ಅದರ ಉಸ್ತುವಾರಿಯವರ ಒಪ್ಪಿಗೆ ಪಡೆದು ಮಾತ್ರ ಓಡಿಸಿ.