ಮುಟ್ಟು ನಿಂತ ಮೇಲೆ ರಕ್ತ ಕಂಡಿದೆ, ರಕ್ತಪರೀಕ್ಷೆ ಸಾಕೇ?

ಮುಟ್ಟು ನಿಂತ ಅಮ್ಮನಿಗೆ ಮತ್ತೆ ರಕ್ತ ಕಂಡಿದೆ, ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 (ಕಡಿಮೆ), ಪ್ಲೇಟ್‌ಲೆಟ್ 4.7 ಲಕ್ಷ (ತುಸು ಹೆಚ್ಚು) ಎಂದಿದ್ದೀರಿ. ರಕ್ತ ಹೋಗಿ ಕಬ್ಬಿಣಾಂಶ ಇಳಿದರೆ ಪ್ಲೇಟ್‌ಲೆಟ್ ಏರುವುದುಂಟು. ಇಲ್ಲೂ ಅದೇ ಇರಬಹುದು. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿನಲ್ಲೂ ಇದೇ ಜೋಡಿ ಕಾಣಬಹುದು, ಜೊತೆಗೆ ಆ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಸಕ್ಕರೆ ಕಾಯಿಲೆಯೂ ಅವರಿಗೆ ಇದೆ. ಯಾವುದೆಂದು ರಕ್ತದ ವರದಿಯಿಂದ ಹೇಳಲಾಗದು. ಸಿಎ-125 ಎಂಬ ಕ್ಯಾನ್ಸರ್ ಸೂಚಕ ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ, ಆರಂಭದ ಹಂತದಲ್ಲಿ ಅದು ಹೆಚ್ಚಾಗಿ ನಾರ್ಮಲ್ಲೇ ಬರುತ್ತದೆ.

ಕಬ್ಬಿಣದ ಮಾತ್ರೆ ಮುಗಿಯಲಿ ಎಂದು ಕಾಯದೆ ಈ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಕುಮಟಾದಿಂದ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಆದೀತು, ಮಣಿಪಾಲವೂ ಆದೀತು. ಅಮ್ಮ ನಾಚಿಕೊಂಡು "ಸ್ವಲ್ಪವೇ" ಅನ್ನಬಹುದು; ಮುಟ್ಟು ನಿಂತ ಮೇಲೆ ಒಂದು ಹನಿಯೂ ಲೆಕ್ಕಕ್ಕೇ, ಅದನ್ನು ನೀವೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಚೀಟಿ ಒಯ್ಯಿರಿ.

ಯೋನಿಮಾರ್ಗದ ಸ್ಕ್ಯಾನನ್ನೇ ಕೇಳಿ. ಹೊಟ್ಟೆ ಮೇಲಿನದರಲ್ಲಿ ಒಳಪದರದ ದಪ್ಪ ನಿಖರವಾಗಿ ಸಿಗುವುದಿಲ್ಲ. 4 ಮಿ.ಮೀ. ದಾಟಿದ್ದರೆ ಬಯಾಪ್ಸಿ ಬೇಕು. ಸಾಮಾನ್ಯವಾಗಿ ಸಣ್ಣ ನಳಿಕೆಯಲ್ಲಿ ಚೂರು ತೆಗೆಯುತ್ತಾರೆ, ಮುಟ್ಟಿನ ನೋವಿನಂತೆ ಸ್ವಲ್ಪ ಹೊತ್ತು ಹಿಂಡುತ್ತದೆ, ಅಂದೇ ಮನೆಗೆ ಬರಬಹುದು. 4ರೊಳಗಿದ್ದರೆ ಅಪಾಯ ತೀರಾ ಕಡಿಮೆ. ಆದರೂ ಮತ್ತೆ ರಕ್ತ ಕಂಡರೆ ಬಯಾಪ್ಸಿ ಬಿಡಬೇಡಿ.

ಗಂಟೆಗೊಂದು ಪ್ಯಾಡ್ ತೊಯ್ದರೆ, ತಲೆ ತಿರುಗಿದರೆ ಅಪಾಯಿಂಟ್‌ಮೆಂಟ್ ನೋಡದೆ ನೇರ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.